ಹಾಫ್ ಟೈಮ್‌ಗೆ ಎದ್ದು ಹೋದವರು: ಇಸ್ತಾನ್‌ಬುಲ್ 2005ರ ಒಂದು ಪ್ರಕರಣ

ಫುಟ್‌ಬಾಲ್ ಅಭಿಮಾನಿಗಳ ಬಗ್ಗೆ ಮಾತು ಬಂದರೆ 2005ರ ಇಸ್ತಾನ್‌ಬುಲ್ ಫೈನಲ್, ಅಂದರೆ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಇಟಲಿಯ ಮಿಲಾನ್ ಆಡಿದ ಯುರೋಪಿಯನ್ ಕಪ್ (ಈಗಿನ ಹೆಸರು ಚಾಂಪಿಯನ್ಸ್ ಲೀಗ್) ಫೈನಲ್, ಎಳೆದು ತರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮೂರು ಗೋಲು ತಿಂದಿದ್ದ ಲಿವರ್‌ಪೂಲ್ ತಂಡ, ಎದೆಗುಂದದ ಜನ, ಹಾಫ್ ಟೈಮ್‌ನಲ್ಲಿ ಎದ್ದ ಹಾಡು, ಆಮೇಲೆ ಪವಾಡ. ನಾನೂ ತುಂಬಾ ದಿನ ಈ ಕಥೆಯನ್ನ ಹಾಗೇ ನುಂಗಿಕೊಂಡಿದ್ದೆ. ಆಮೇಲೆ ಅದೇ ರಾತ್ರಿ ಅದೇ ಸ್ಟೇಡಿಯಂನಲ್ಲಿ ಟಿಕೆಟ್ ಇಟ್ಟುಕೊಂಡು ಕೂತಿದ್ದು, 0-3 ಆದಾಗ ಎದ್ದು ಹೊರಟುಬಿಟ್ಟ ಒಬ್ಬರ ಪರಿಚಯ ಆಯಿತು. ಈ ಬರಹ ಅವರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಮೂವರು ಬರುತ್ತಾರೆ, ಒಂದೇ ಮನೆಯವರು. ಅಪ್ಪ, ಮಗ, ಚಿಕ್ಕಪ್ಪ ಅಂತಲೇ ಕರೆಯುತ್ತೇನೆ. ಗುರುತು ಹತ್ತಬಾರದು ಅಂತ ಕೆಲವು ಮನೆ ವಿಷಯಗಳನ್ನ ಸ್ವಲ್ಪ ಆಚೀಚೆ ಮಾಡಿದ್ದೇನೆ. ಮಗ ನನ್ನ ಜೊತೆ ಲಿವರ್‌ಪೂಲ್‌ನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ, ನಾನು ಅಲ್ಲಿದ್ದ ಎರಡೂವರೆ ವರ್ಷ ಪಕ್ಕದ ಮೇಜು. ಮ್ಯಾಚಿನ ವಿಷಯವಂತೂ ಜಗತ್ತಿಗೇ ಗೊತ್ತಿರುವುದು.

ಹೋಗುವ ಮುಂಚೆ

ಅಪ್ಪನಿಗೆ ಆಗ 52 ವರ್ಷ. 24ನೇ ವಯಸ್ಸಿನಲ್ಲಿ ರೋಮ್‌ಗೆ ಹೋಗಿ, ಲಿವರ್‌ಪೂಲ್ ಮೊದಲ ಸಲ ಯುರೋಪಿಯನ್ ಕಪ್ ಗೆದ್ದಿದ್ದನ್ನ ಕಣ್ಣಾರೆ ಕಂಡವರು. ಅದು 1977ರ ಮೇ 25. ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಕ್ ಎದುರು 3-1. ಇಸ್ತಾನ್‌ಬುಲ್ ಫೈನಲ್ ಬಿದ್ದಿದ್ದೂ ಮೇ 25ಕ್ಕೆ. ಇಷ್ಟು ಸಾಕಲ್ವಾ? ಚಿಕ್ಕಪ್ಪ ಹೇಳುವ ಪ್ರಕಾರ ಆ ವರ್ಷ ತಂಡ ಏನೇನೂ ಚೆನ್ನಾಗಿರಲಿಲ್ಲ, ಆದರೆ ಇವರು ಮಾತ್ರ ಕ್ಯಾಲೆಂಡರ್ ತೋರಿಸಿ ತೋರಿಸಿ ಎಲ್ಲರ ತಲೆ ತಿಂದಿದ್ದರು.

ತಂಡ ಚೆನ್ನಾಗಿರಲಿಲ್ಲ ಅನ್ನುವುದು ಸುಮ್ನೆ ಮಾತಲ್ಲ. ಆ ಸೀಸನ್‌ನ ಪ್ರೀಮಿಯರ್ ಲೀಗ್‌ನಲ್ಲಿ ಲಿವರ್‌ಪೂಲ್ ಐದನೇ ಸ್ಥಾನ. ಅದೇ ಊರಿನ ಎವರ್ಟನ್ ಒಂದು ಮೆಟ್ಟಿಲು ಮೇಲೆ. ಯುರೋಪ್‌ನಲ್ಲೂ ಗುಂಪು ಹಂತ ದಾಟಿದ್ದೇ ಕೂದಲೆಳೆ ಅಂತರದಲ್ಲಿ: ಒಲಿಂಪಿಯಾಕೋಸ್ ಎದುರು 3-1 ಬೇಕಿತ್ತು, ಮೂರನೇ ಗೋಲನ್ನ ನಾಯಕ ಜೆರಾರ್ಡ್ ಹೊಡೆದದ್ದು ಆಟ ಮುಗಿಯಲು ನಾಲ್ಕೈದು ನಿಮಿಷ ಇದ್ದಾಗ. ಸೆಮಿಫೈನಲ್‌ನಲ್ಲಿ ಚೆಲ್ಸಿ ಮೇಲೆ ಲೂಯಿಸ್ ಗಾರ್ಸಿಯಾ ಹೊಡೆದ ಚೆಂಡು ಗೆರೆ ದಾಟಿತೋ ಇಲ್ಲವೋ ಅಂತ ಇವತ್ತಿಗೂ ಜಗಳ ಇದೆ. ಎದುರಿಗೆ ಮಿಲಾನ್. ಮಾಲ್ದಿನಿ, ನೆಸ್ಟಾ, ಕಫು, ಪಿರ್ಲೊ, ಕಾಕಾ, ಶೆವ್‌ಚೆಂಕೊ. ಹೆಸರು ಓದಿದರೇ ಸಾಕು ಸೋತ ಹಾಗೆ ಆಗುತ್ತೆ.

ಇನ್ನೊಂದು ವಿಷಯ ಇದೆ, ಅದನ್ನ ಹೇಳದೆ ಮುಂದಿನದು ಅರ್ಥ ಆಗಲ್ಲ. ಲಿವರ್‌ಪೂಲ್ ಅದಕ್ಕೂ ಮೊದಲು ಆಡಿದ್ದ ಯುರೋಪಿಯನ್ ಕಪ್ ಫೈನಲ್ ಅಂದರೆ 1985ರದ್ದು, ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ. ಅಲ್ಲಿ 39 ಜನ ಸತ್ತರು, ಹೆಚ್ಚಿನವರು ಇಟಲಿಯ ಯುವೆಂಟಸ್ ಅಭಿಮಾನಿಗಳು. ನಾಲ್ಕು ವರ್ಷದ ಮೇಲೆ, 1989ರ ಏಪ್ರಿಲ್ 15ಕ್ಕೆ, ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಲೆಕ್ಕ ಈಗ 97. ತಪ್ಪು ಅಭಿಮಾನಿಗಳದ್ದಲ್ಲ ಅಂತ ವಿಚಾರಣೆಯಲ್ಲಿ ತೀರ್ಮಾನ ಆಗುವ ಹೊತ್ತಿಗೆ 2016 ಬಂದಿತ್ತು. ಅಪ್ಪ ಹಿಲ್ಸ್‌ಬರೋಗೆ ಹೋಗಿದ್ದರು. ಬೇರೆ ಕಡೆಯ ಸ್ಟ್ಯಾಂಡ್‌ನಲ್ಲಿ ಕೂತಿದ್ದರು, ಅವರಿಗೇನೂ ಆಗಲಿಲ್ಲ. ಮನೆಯಲ್ಲಿ ಆ ಮಾತು ಎತ್ತುವಂತಿರಲಿಲ್ಲ. ಮಗನಿಗೆ ಅಪ್ಪ ಅಲ್ಲಿದ್ದರು ಅಂತ ಗೊತ್ತಿತ್ತು, ಅಷ್ಟೇ.

ಊರಾಚೆಯ ಸ್ಟೇಡಿಯಂ

ಅತಾತುರ್ಕ್ ಒಲಿಂಪಿಕ್ ಸ್ಟೇಡಿಯಂ ಇಸ್ತಾನ್‌ಬುಲ್ ಪೇಟೆಯಿಂದ ಎಷ್ಟೋ ದೂರ, ಪಶ್ಚಿಮದ ಅಂಚಿನಲ್ಲಿ. ಆಗ ಅಲ್ಲಿಗೆ ಮೆಟ್ರೋ ಇರಲಿಲ್ಲ. ಸುತ್ತ ಬೋಳು ಗುಡ್ಡ. ಬೆಳಗ್ಗೆಯಿಂದ ತಕ್ಸಿಮ್ ಚೌಕದಲ್ಲಿ ಹಾಡಿ ಕುಣಿದ ಜನ ಮಧ್ಯಾಹ್ನ ಬಸ್ ಹತ್ತಿದರು, ಬಸ್ಸುಗಳು ಸಿಕ್ಕಿಹಾಕಿಕೊಂಡವು, ಜನ ಇಳಿದು ರಸ್ತೆ ಪಕ್ಕದಲ್ಲಿ ನಡೆಯುತ್ತಾ ಹೊರಟರು. ಜಾತ್ರೆಗೆ ಹೋಗುವ ಹಾಗೆ ಇತ್ತಂತೆ, ಆದರೆ ಜಾತ್ರೆಯಲ್ಲಿ ತಿನ್ನೋಕೆ ಏನಾದರೂ ಸಿಗುತ್ತೆ. ಮಗನಿಗೆ ಅದೆಲ್ಲ ಮಜಾ, ಅವನಿಗೆ 19. ಅಪ್ಪ ಮಾತ್ರ ದಾರಿಯುದ್ದಕ್ಕೂ ಒಂದೇ ಮಾತು ಕೇಳುತ್ತಿದ್ದರಂತೆ: ವಾಪಸ್ ಹೋಗೋಕೂ ಇದೊಂದೇ ರಸ್ತೆನಾ?

ಆಗ ಆ ಮಾತಿಗೆ ಯಾರೂ ಕಿವಿ ಕೊಡಲಿಲ್ಲ. ನಾನು ಈ ಪ್ರಕರಣದಲ್ಲಿ ಮೊದಲು ಗುರುತು ಹಾಕಿಕೊಂಡದ್ದು ಅದನ್ನೇ.

ರಾತ್ರಿ ಒಂಬತ್ತು ಮುಕ್ಕಾಲಿಗೆ ಆಟ ಶುರು. ಮೊದಲ ನಿಮಿಷ ಮುಗಿಯುವ ಮುಂಚೆ ಮಾಲ್ದಿನಿ ಗೋಲು. ಅಷ್ಟು ಹೊತ್ತಿಗೆ ಜನ ಸರಿಯಾಗಿ ಕೂತೂ ಇರಲಿಲ್ಲ. 23ನೇ ನಿಮಿಷಕ್ಕೆ ಹ್ಯಾರಿ ಕ್ಯೂಯೆಲ್ ಕಾಲು ನೋವು ಅಂತ ಕುಂಟುತ್ತಾ ಹೊರಗೆ ಬಂದ. ಲಿವರ್‌ಪೂಲ್ ಅಭಿಮಾನಿಗಳೇ, ತಮ್ಮ ಆಟಗಾರನಿಗೇ, ಬೂ ಅಂತ ಕೂಗಿದರು. ಇದನ್ನ ಯಾಕೆ ಹೇಳುತ್ತಿದ್ದೇನೆ ಅಂದರೆ, ಎದೆಗುಂದದೆ ನಿಂತ ಅಭಿಮಾನಿಗಳ ಕಥೆಯಲ್ಲಿ ಈ ಭಾಗವನ್ನ ಯಾರೂ ಹೇಳಲ್ಲ. 39ಕ್ಕೆ ಮಿಲಾನ್‌ನ ಕ್ರೆಸ್ಪೊ ಗೋಲು. 44ಕ್ಕೆ ಮತ್ತೆ ಕ್ರೆಸ್ಪೊ, ಈ ಸಲ ಕಾಕಾ ಕೊಟ್ಟ ಪಾಸ್ ಎಂಥದ್ದು ಅಂದರೆ ಚಿಕ್ಕಪ್ಪ ಅದನ್ನ ವಿವರಿಸುವಾಗ ಈಗಲೂ ಕೈಯಲ್ಲಿ ಟೇಬಲ್ ಮೇಲೆ ಗೆರೆ ಎಳೆಯುತ್ತಾರೆ. 0-3.

ಹದಿನೈದು ನಿಮಿಷ

ಮೂವರೂ ಒಂದೇ ಸಾಲಿನಲ್ಲಿದ್ದರು. ಆ ಹದಿನೈದು ನಿಮಿಷದ್ದು ಮೂರು ಕಥೆ ಇವೆ, ಒಂದಕ್ಕೊಂದು ಕೂಡಿ ಬರಲ್ಲ.

ಮಗನ ಪ್ರಕಾರ ಅಪ್ಪ ಒಂದು ಮಾತೂ ಆಡದೆ ಎದ್ದರು. ಚಿಕ್ಕಪ್ಪನ ಪ್ರಕಾರ ಅಪ್ಪ "ಹೊರಡೋಣ, ಈಗ ಹೊರಟರೆ ಬಸ್ ಸಿಗುತ್ತೆ" ಅಂತ ಎರಡು ಸಲ ಕರೆದರು, ಹುಡುಗ ಕಿವಿಗೆ ಹಾಕಿಕೊಳ್ಳಲಿಲ್ಲ, ಆಗ ತಾನೇ "ನೀನು ಹೋಗು, ಇವನನ್ನ ನಾನು ಕರಕೊಂಡು ಬರ್ತೀನಿ" ಅಂದದ್ದು. ಅಪ್ಪನ ಪ್ರಕಾರ ಅವರು ಟಾಯ್ಲೆಟ್‌ಗೆ ಅಂತ ಎದ್ದರು, ಮೆಟ್ಟಿಲ ಹತ್ತಿರ ಬಂದಾಗ ಬಾಗಿಲ ಕಡೆ ಜನ ಕಡಿಮೆ ಇತ್ತು, ಕಾಲು ತಾನಾಗಿ ಅತ್ತ ಹೋಯಿತು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ.

ಅವರು ಗೇಟ್ ದಾಟಿ ಇನ್ನೂ ಸ್ವಲ್ಪ ದೂರ ಹೋಗುವಾಗ ಹಿಂದೆ ಹಾಡು ಕೇಳಿಸಿತು. ಯೂ ವಿಲ್ ನೆವರ್ ವಾಕ್ ಅಲೋನ್, ನೀನು ಯಾವತ್ತೂ ಒಂಟಿಯಾಗಿ ನಡೆಯಲ್ಲ ಅನ್ನುವ ಲಿವರ್‌ಪೂಲ್ ಅಭಿಮಾನಿಗಳ ಹಾಡು. ಅಪ್ಪ ನಿಂತರು, ಕೇಳಿದರು, ನಡೆದರು. "ಅದು ನನಗೆ ಬಾ ಅಂದ ಹಾಗೆ ಕೇಳಿಸಲಿಲ್ಲ, ಹೋಗಿ ಬಾ ಅಂದ ಹಾಗೆ ಕೇಳಿಸಿತು" ಅಂದಿದ್ದರು ನನ್ನ ಹತ್ತಿರ.

ಒಳಗೆ ಹಾಡಿದ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಮಗನಿಗೆ ಅದು ನಂಬಿಕೆ. ಮೈ ಜುಮ್ ಅಂದಿತ್ತು, ಗೆಲ್ಲುತ್ತೀವಿ ಅಂತ ಆಗಲೇ ಗೊತ್ತಾಗಿತ್ತು ಅನ್ನುತ್ತಾನೆ. ಚಿಕ್ಕಪ್ಪ ನಕ್ಕುಬಿಟ್ಟರು. ಅವರು ಹೇಳಿದ್ದು ಹೀಗೆ: ಅದು ಮೆಲ್ಲಗೆ ಶುರುವಾಯಿತು, ಸಾವಿನ ಮನೆಯಲ್ಲಿ ಭಜನೆ ಶುರು ಮಾಡುವ ಹಾಗೆ (ಭಜನೆ ಅನ್ನುವ ಮಾತು ನನ್ನದು, ಅವರು ಚರ್ಚ್‌ನ ಏನೋ ಹೇಳಿದರು). ಇನ್ನೂ ನಾಲ್ಕೈದು ತಿಂದು ಮರ್ಯಾದೆ ಹೋಗುತ್ತೆ, ಹೋಗುವ ಮುಂಚೆ ನಾವು ಯಾರು ಅಂತ ಒಂದು ಸಲ ಹೇಳಿಬಿಡೋಣ, ಅಷ್ಟೇ ಇದ್ದದ್ದು. ಗೆಲುವಿನ ಮಾತು ಆ ಸಾಲಿನಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. "ಮತ್ತೆ ನೀವ್ಯಾಕೆ ಅಲ್ಲೇ ಕೂತ್ರಿ?" ಅಂತ ಕೇಳಿದೆ. "ಬಸ್ಸಿಗೆ ಕಾಯೋದು ಇಲ್ಲಿ ಕಾಯೋದು ಎರಡೂ ಒಂದೇ, ಇಲ್ಲಿ ಕೂರೋಕೆ ಸೀಟಾದ್ರೂ ಇತ್ತು" ಅಂದರು.

ನನಗೆ ಚಿಕ್ಕಪ್ಪನ ಮಾತೇ ಜಾಸ್ತಿ ನಿಜ ಅನ್ನಿಸುತ್ತೆ. ಗೆದ್ದ ಮೇಲೆ ಹಾಡು ನಂಬಿಕೆಯಾಗಿ ಬದಲಾಯಿತು. ಐದು ಗೋಲಿಂದ ಸೋತಿದ್ದರೆ ಅದೇ ಹಾಡನ್ನ ಕುಡಿದವರ ಹಠ ಅಂತ ಬರೆಯುತ್ತಿದ್ದರು.

ಡ್ರೆಸ್ಸಿಂಗ್ ರೂಮಿಗೂ ಹಾಡು ಕೇಳಿಸಿತು ಅಂತ ಕೆಲವು ಆಟಗಾರರು ಆಮೇಲೆ ಹೇಳಿದ್ದಾರೆ, ಕೇಳಿಸಿರಬಹುದು. ಆದರೆ ಕಾಕಾನನ್ನ ಹಿಡಿದದ್ದು ಹಾಡಲ್ಲ, ಡೀಟ್‌ಮಾರ್ ಹಾಮನ್. ಕೋಚ್ ರಾಫಾ ಬೆನಿಟೆಜ್ ಮೊದಲು ಜಿಮಿ ಟ್ರಾವೊರೆಯನ್ನ ಹೊರಗೆ ಕೂರಿಸುವುದು ಅಂತ ತೀರ್ಮಾನ ಮಾಡಿದ್ದರು. ಅಷ್ಟರಲ್ಲಿ ಸ್ಟೀವ್ ಫಿನ್ನನ್‌ಗೆ ಗಾಯ, ಅವನು ಆಡೋಕಾಗಲ್ಲ ಅಂತ ಫಿಸಿಯೊ ಹೇಳಿದರು. ಸರಿ, ಫಿನ್ನನ್ ಹೊರಗೆ, ಟ್ರಾವೊರೆ ಒಳಗೆ, ಹಾಮನ್ ಮಿಡ್‌ಫೀಲ್ಡ್‌ಗೆ, ಹಿಂದೆ ನಾಲ್ವರ ಬದಲು ಮೂವರು, ಜೆರಾರ್ಡ್‌ಗೆ ಮುಂದೆ ಹೋಗಲು ಬಿಡುವು. 70ನೇ ನಿಮಿಷದ ಹೊತ್ತಿಗೆ ಶೆವ್‌ಚೆಂಕೊ ಹೊಡೆದ ಚೆಂಡನ್ನ ಗೋಲಿನ ಗೆರೆಯ ಮೇಲಿಂದ ಆಚೆ ಒದ್ದವನು ಇದೇ ಟ್ರಾವೊರೆ, ಹೊರಗೆ ಕೂರಬೇಕಿದ್ದವನು. ಯಾರು ಉಳಿದರು ಯಾರು ಹೋದರು ಅನ್ನುವುದು ಮೈದಾನದ ಒಳಗೂ ಅಷ್ಟೇ ಆಕಸ್ಮಿಕ ಆಗಿತ್ತು, ನೋಡಿ.

ಬಸ್ಸಿನಲ್ಲಿ

ಬಸ್‌ಗಳು ಸಾಲಾಗಿ ನಿಂತಿದ್ದವು. ತಾವು ಬಂದಿದ್ದ ಬಸ್ ಹುಡುಕಿ ಅಪ್ಪ ಹತ್ತಿದರು. ಜನ ತುಂಬದೆ ಬಸ್ ಹೊರಡಲ್ಲ ಅಂತ ಡ್ರೈವರ್ ಕೈಸನ್ನೆಯಲ್ಲೇ ಹೇಳಿದ. ಅವನಿಗೆ ಇಂಗ್ಲಿಷ್ ಬರಲ್ಲ, ಇವರಿಗೆ ಟರ್ಕಿ ಭಾಷೆ ಬರಲ್ಲ. ರೇಡಿಯೊ ಹಾಕಿಕೊಂಡು ಸೂರ್ಯಕಾಂತಿ ಬೀಜ ತಿನ್ನುತ್ತಾ ಕೂತಿದ್ದ, ಇವರಿಗೂ ಒಂದು ಹಿಡಿ ಕೊಟ್ಟ. ಅಂದರೆ ಬೇಗ ಹೊರಟಿದ್ದರಿಂದ ಅಪ್ಪನಿಗೆ ಹತ್ತು ಪೈಸೆ ಲಾಭ ಆಗಲಿಲ್ಲ. ಲೆಕ್ಕ ಹಾಕಿ ತಗೊಂಡ ತೀರ್ಮಾನ ಲೆಕ್ಕದಲ್ಲೇ ಸೋತಿತ್ತು, ಗೋಲು ಬರುವ ಮುಂಚೆಯೇ.

54ನೇ ನಿಮಿಷ. ಸ್ಟೇಡಿಯಂ ಕಡೆಯಿಂದ ಕೂಗು. ನಾಲ್ಕನೇದು ಬಿತ್ತು ಅಂದುಕೊಂಡರು ಅಪ್ಪ. ಆದರೆ ರೇಡಿಯೊದಲ್ಲಿ ಆ ಪರಭಾಷೆಯ ಗದ್ದಲದ ನಡುವೆ ಒಂದು ಹೆಸರು ಮಾತ್ರ ಗೊತ್ತಾಯಿತು, ಜೆರಾರ್ಡ್. ಎರಡು ನಿಮಿಷ ಆಗಿಲ್ಲ, ಮತ್ತೆ ಕೂಗು, ಸ್ಮಿಟ್ಸರ್. ಡ್ರೈವರ್ ಒಂದು ಕೈಯಲ್ಲಿ ಮೂರು ಬೆರಳು, ಇನ್ನೊಂದು ಕೈಯಲ್ಲಿ ಎರಡು ಬೆರಳು ತೋರಿಸಿದ. 60ನೇ ನಿಮಿಷ, ಪೆನಾಲ್ಟಿ. ಶಾಬಿ ಅಲೊನ್ಸೊ ಹೊಡೆದ, ಮಿಲಾನ್ ಗೋಲ್‌ಕೀಪರ್ ದೀದಾ ತಡೆದ, ವಾಪಸ್ ಬಂದ ಚೆಂಡನ್ನ ಅಲೊನ್ಸೊನೇ ಮೇಲಕ್ಕೆ ಎತ್ತಿ ಬಲೆಗೆ ಹಾಕಿದ. ಅಪ್ಪನಿಗೆ ಇದ್ಯಾವುದೂ ಕಾಣಿಸಲಿಲ್ಲ. ಕಂಡದ್ದು ಡ್ರೈವರ್ ಮೊದಲು ತಲೆ ಮೇಲೆ ಕೈ ಇಟ್ಟದ್ದು, ಮರುಕ್ಷಣ ಎರಡೂ ಕೈಯಲ್ಲಿ ಮೂರು ಮೂರು ಬೆರಳು.

ಆರು ನಿಮಿಷದಲ್ಲಿ ಮೂರು ಗೋಲು. ಈಗ ಏನು ಮಾಡಬೇಕು?

ಯಾರನ್ನ ಕೇಳಿದರೂ ಓಡಬೇಕು ಅನ್ನುತ್ತಾರೆ. ಟಿಕೆಟ್ ಜೇಬಿನಲ್ಲಿದೆ, ಇನ್ನೂ ಅರ್ಧ ಗಂಟೆ ಆಟ ಇದೆ, ಮಗ ಒಳಗಿದ್ದಾನೆ. ನಾನೂ ಅದನ್ನೇ ಕೇಳಿದೆ. ಅವರು ಬಸ್ಸಿಂದ ಇಳಿದರಂತೆ, ನಾಲ್ಕು ಹೆಜ್ಜೆ ಹೋದರಂತೆ, ಆಮೇಲೆ ವಾಪಸ್ ಬಂದು ಅದೇ ಸೀಟಿನಲ್ಲಿ ಕೂತರಂತೆ.

"ನಾನು ಒಳಗಿದ್ದಾಗ ಮೂರು ತಿಂದರು. ಹೊರಗೆ ಬಂದೆ, ಮೂರು ಹೊಡೆದರು. ನೀನಾಗಿದ್ದರೆ ಒಳಗೆ ಹೋಗ್ತಿದ್ಯಾ?"

ನಾನು ಸುಮ್ಮನಾದೆ. ಯಾಕೆ ಅಂದರೆ ನಮ್ಮ ಮನೆಯಲ್ಲೂ ಇದೇ ನಡೆದಿತ್ತು. 1996ರ ಅಕ್ಟೋಬರ್, ಬೆಂಗಳೂರಿನ ಚಿನ್ನಸ್ವಾಮಿ ಮೈದಾನ, ಟೈಟನ್ ಕಪ್, ಆಸ್ಟ್ರೇಲಿಯಾ ಎದುರು 216 ಬೇಕು. 88 ಹೊಡೆದು ಸಚಿನ್ ಔಟ್ ಆದ ಕೂಡಲೇ ನಮ್ಮಪ್ಪ ಟಿವಿ ಆಫ್ ಮಾಡಿ ಅಂಗಳಕ್ಕೆ ಹೋಗಿ ನಿಂತರು. 164ಕ್ಕೆ ಎಂಟು ವಿಕೆಟ್ ಬಿದ್ದಿತ್ತು, ಉಳಿದದ್ದು ಕುಂಬ್ಳೆ, ಶ್ರೀನಾಥ್, ಪ್ರಸಾದ್. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಕೂಗು ಕೇಳೋಕೆ ಶುರುವಾಯಿತು. ಅಪ್ಪ ಓಡಿ ಬಂದು ಟಿವಿ ಹಾಕಲು ಹೋದರೆ ಅಮ್ಮ ಕೈ ಅಡ್ಡ ಇಟ್ಟಳು. "ಬೇಡ ಕಣ್ರೀ, ನೀವು ನೋಡಿದ್ರೆ ಔಟ್ ಆಗ್ತಾರೆ." ಕುಂಬ್ಳೆ ಮತ್ತು ಶ್ರೀನಾಥ್, ನಮ್ಮವರೇ ಇಬ್ಬರು, 52 ರನ್ ಸೇರಿಸಿ ಗೆಲ್ಲಿಸಿದ್ದನ್ನ ನಮ್ಮಪ್ಪ ಪಕ್ಕದ ಮನೆಯ ಕಾಂಪೌಂಡ್ ಆಚೆಯಿಂದ ಬಂದ ಸದ್ದಿನಲ್ಲೇ ನೋಡಿದರು. ಇವತ್ತಿಗೂ ಆ ಗೆಲುವಿನಲ್ಲಿ ತಮ್ಮದೊಂದು ಪಾಲಿದೆ ಅನ್ನುತ್ತಾರೆ, ತಮಾಷೆಗೆ ಅಂತೂ ಅಲ್ಲ. ಇದನ್ನ ಹೇಳಿದಾಗ ಲಿವರ್‌ಪೂಲ್‌ನ ಆ ಅಪ್ಪ ನನ್ನ ಕೈ ಕುಲುಕಿದರು. ಬಹುಶಃ ಅವರು ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡೋಕೆ ಕಾರಣವೇ ಅದು.

ಹಾಗಾಗಿ ಎರಡನೇ ತೀರ್ಮಾನ, ವಾಪಸ್ ಹೋಗದೆ ಇರುವುದು, ಮೊದಲನೇದಕ್ಕಿಂತ ಪೂರ್ತಿ ಬೇರೆ ಥರದ್ದು. ಮೊದಲನೇದು ಬುದ್ಧಿಯಿಂದ ಬಂದದ್ದು, ಎರಡನೇದು ಭಕ್ತಿಯಿಂದ. ಮನೆಯವರು ಮಾತ್ರ ಎರಡನ್ನೂ ಸೇರಿಸಿ "ಬಿಟ್ಟು ಹೋದರು" ಅಂತ ಒಂದೇ ಮಾತಲ್ಲಿ ಮುಗಿಸಿದರು.

ಹೆಚ್ಚುವರಿ ಆಟ, ಇನ್ನೂ ಅರ್ಧ ಗಂಟೆ. ಮುಗಿಯಲು ಎರಡು ಮೂರು ನಿಮಿಷ ಇದ್ದಾಗ ರೇಡಿಯೊ ಕಿರುಚಿತು. ಶೆವ್‌ಚೆಂಕೊ ತಲೆಯಲ್ಲಿ ಹೊಡೆದ, ಲಿವರ್‌ಪೂಲ್ ಗೋಲ್‌ಕೀಪರ್ ಡುಡೆಕ್ ತಡೆದ, ಚೆಂಡು ಮತ್ತೆ ಶೆವ್‌ಚೆಂಕೊ ಕಾಲಿಗೇ, ಒಂದೆರಡು ಮಾರು ದೂರದಿಂದ ಗುದ್ದಿದ, ಡುಡೆಕ್ ಕೈಗೆ ತಗುಲಿ ಮೇಲೆ ಹಾರಿತು. ಗೋಲೇ ಆಯಿತು ಅಂದುಕೊಂಡು ಅಪ್ಪ ಮುಂದಿನ ಸೀಟಿಗೆ ಹಣೆ ಇಟ್ಟರು. ಡ್ರೈವರ್ ಬಂದು ಭುಜ ತಟ್ಟಿ, ಇಲ್ಲ ಇಲ್ಲ ಅಂತ ಬೆರಳು ಆಡಿಸಿದ.

ಪೆನಾಲ್ಟಿಗಳಿಗೆ ಇಬ್ಬರೂ ಬಸ್ಸಿನ ಮೆಟ್ಟಿಲ ಮೇಲೆ ಕೂತರು. ಮಿಲಾನ್‌ನ ಸೆರ್ಜಿನ್ಯೊ ಗೋಲಿನ ಮೇಲಿಂದ ಆಚೆ ಹೊಡೆದ. ಲಿವರ್‌ಪೂಲ್‌ನ ಹಾಮನ್ ಹಾಕಿದ, ಕಾಲಿನ ಬೆರಳು ಮುರಿದಿದ್ದರೂ. ಹೀಗೇ ಒಬ್ಬರಾದ ಮೇಲೆ ಒಬ್ಬರು. ಪಿರ್ಲೊದನ್ನ ಡುಡೆಕ್ ತಡೆದ. ಸಿಸೆ ಹಾಕಿದ. ಟೊಮಾಸನ್ ಹಾಕಿದ, ರೀಸೆದನ್ನ ದೀದಾ ತಡೆದ, ಕಾಕಾ ಹಾಕಿದ, ಸ್ಮಿಟ್ಸರ್ ಹಾಕಿದ. ಕೊನೆಗೆ ಶೆವ್‌ಚೆಂಕೊ, ಮತ್ತೆ ಡುಡೆಕ್ ತಡೆದ, ಲಿವರ್‌ಪೂಲ್ ಗೆದ್ದಿತು. ಡ್ರೈವರ್ ಹಾರ್ನ್ ಒತ್ತಿದವನು ಕೈ ತೆಗೆಯಲೇ ಇಲ್ಲ. ಗಂಟೆ ಹನ್ನೆರಡು ದಾಟಿ ಎಷ್ಟೋ ಹೊತ್ತಾಗಿತ್ತು. 1977ರ ಅದೇ ತಾರೀಕು ಅಂತ ಕುಣಿದಿದ್ದ ಅಪ್ಪನಿಗೆ ಆಗ ತಾರೀಕು 26 ಆಗಿರುವುದು ಹೊಳೆಯಿತಂತೆ. ನಗು ಬಂತಂತೆ.

ಮಿಲಾನ್ ಕಡೆಯ ಒಬ್ಬನನ್ನಾದರೂ ಮಾತಾಡಿಸಬೇಕಿತ್ತು, ಆಗಲಿಲ್ಲ. ಆದರೆ ಆ ಬದಿಯಲ್ಲಿ ಕೂತವರೆಲ್ಲ ಹಾಫ್ ಟೈಮ್‌ಗೇ ಗೆದ್ದೆವು ಅಂದುಕೊಂಡಿದ್ದರು ಅಂತ ನನಗೆ ನಂಬಿಕೆ ಬರಲ್ಲ. ಹಿಂದಿನ ವರ್ಷವೇ, ಎರಡು ಸುತ್ತು ಆಡಿ ಎರಡರ ಗೋಲೂ ಕೂಡಿಸುವ ಹಂತದಲ್ಲಿ, ಸ್ಪೇನ್‌ನ ಡಿಪೋರ್ಟಿವೊ ಲಾ ಕೊರುನ್ಯಾ ತಂಡವನ್ನ ಮೊದಲ ಸುತ್ತಲ್ಲಿ 4-1 ಬಡಿದು, 2004ರ ಏಪ್ರಿಲ್‌ನ ಎರಡನೇ ಸುತ್ತಲ್ಲಿ 0-4 ಸೋತು ಮನೆಗೆ ಹೋಗಿದ್ದವರು ಅವರು. ಮೂರು ಗೋಲಿನ ಅಂತರ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಆಗಲೇ ಕುಣಿದಾಡಿದರು ಅನ್ನುವ ಗಾಳಿಮಾತನ್ನ ಮಿಲಾನ್ ಆಟಗಾರರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಗೆದ್ದವರ ಕಥೆಗೆ ಸೋತವರು ಕೊಬ್ಬಿರಬೇಕು, ಇಲ್ಲದಿದ್ದರೆ ರುಚಿ ಬರಲ್ಲ.

ಮೂರನೇ ತೀರ್ಮಾನ

ಎಲ್ಲ ಕೆಟ್ಟದ್ದು ಇಲ್ಲಿಂದ. ಬಸ್ಸಿಗೆ ಮೊದಲು ಬಂದ ಹುಡುಗನೊಬ್ಬ, ಯಾರೋ ಏನೋ, ಅಪ್ಪನನ್ನ ತಬ್ಬಿಕೊಂಡು ಅಳುತ್ತಾ "ಎಲ್ಲಿ ಕೂತಿದ್ರಿ?" ಅಂದ. ಅಪ್ಪ "ಮೇಲಿನ ಸಾಲು" ಅಂದುಬಿಟ್ಟರು. ಅರ್ಧ ನಿಜವೇ. ಆದರೆ ಆಮೇಲೆ ಬಂದವರಿಗೂ ಅದನ್ನೇ ಹೇಳಿದರು, ಊರಿಗೆ ಹೋದ ಮೇಲೂ ಅದನ್ನೇ ಹೇಳಿದರು. ಲಿವರ್‌ಪೂಲ್ ಬೀದಿಗಳಲ್ಲಿ ತೆರೆದ ಬಸ್ಸಿನಲ್ಲಿ ಕಪ್ ಮೆರವಣಿಗೆ ಬಂದಾಗ ಲಕ್ಷಗಟ್ಟಲೆ ಜನ ಸೇರಿದ್ದರು, ಆ ಗುಂಪಿನಲ್ಲಿ ನಾನು ಅಲ್ಲಿದ್ದೆ ಅನ್ನುವವರಿಗೆ ರಾಜಮರ್ಯಾದೆ. ಇವರು "ಅಲ್ಲಿದ್ದವರು".

ಮಗ ಆ ರಾತ್ರಿ 3-3 ಆದಾಗ ಅಪ್ಪನಿಗೆ ಫೋನ್ ಮಾಡಿದ್ದ, ಸಿಗಲಿಲ್ಲ. ಡುಡೆಕ್ ಕೊನೇದನ್ನ ತಡೆದಾಗ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದ್ದ, ಅಭ್ಯಾಸಬಲ. ಬಸ್ಸಿಗೆ ಬಂದಾಗ ಅಪ್ಪ ಯಾರಿಗೋ ಮೇಲಿನ ಸಾಲಿನ ಕಥೆ ಹೇಳುತ್ತಿರುವುದು ಕಿವಿಗೆ ಬಿತ್ತು. ಬಿಟ್ಟು ಹೋದದ್ದಕ್ಕಿಂತ ಅದು ಅವನಿಗೆ ಜಾಸ್ತಿ ನೋವಾಯಿತು. ಏನೂ ಅನ್ನಲಿಲ್ಲ. ವಾಪಸ್ ಬರುವ ವಿಮಾನದಲ್ಲಿ ಚಿಕ್ಕಪ್ಪನ ಪಕ್ಕ ಕೂತ.

ಆಮೇಲೆ ಏನೇನೋ ಪ್ರಯತ್ನ ನಡೆಯಿತು. ಚಿಕ್ಕಪ್ಪ ತಮಾಷೆ ಮಾಡಿ ಹಗುರ ಮಾಡಲು ನೋಡಿದರು, ಪ್ರತಿ ಕ್ರಿಸ್ಮಸ್‌ಗೆ ಅಣ್ಣನಿಗೆ ಬಸ್ ಟಿಕೆಟ್ ಉಡುಗೊರೆ. ಇದು ಎಷ್ಟು ಕೆಟ್ಟ ಉಪಾಯ ಅಂತ ಅವರಿಗೇ ಆಮೇಲೆ ಗೊತ್ತಾಯಿತು. ಅಪ್ಪ 2007ರ ಅಥೆನ್ಸ್ ಫೈನಲ್‌ಗೆ ಮಗನನ್ನ ಕರಕೊಂಡು ಹೋಗಲು ನೋಡಿದರು, ಎದುರಾಳಿ ಮತ್ತೆ ಮಿಲಾನ್ ತಾನೇ, ಹಳೆಯದನ್ನ ಅಳಿಸಿ ಹೊಸದು ಬರೆಯಬಹುದು ಅಂತ. ಟಿಕೆಟ್ ಸಿಗಲಿಲ್ಲ, ಮನೆಯಲ್ಲೇ ಇಬ್ಬರೂ ಒಟ್ಟಿಗೆ ಟಿವಿ ಮುಂದೆ ಕೂತರು, ಇನ್‌ಜಾಗಿ ಎರಡು ಹೊಡೆದ, 1-2 ಸೋಲು. ಕೊನೆಯ ವಿಸಲ್‌ವರೆಗೂ ಕೂತಿದ್ದರು ಅಪ್ಪ, ಪದಕ ಕೊಡುವವರೆಗೂ. ಮಗನಿಗೆ ಅದು ಕಾಣಿಸಲೇ ಇಲ್ಲ.

ಹತ್ತು ವರ್ಷ ಹೀಗೇ. ಮಾತು ಬಿಟ್ಟಿದ್ದರು ಅಂತಲ್ಲ, ಶನಿವಾರ ಆದರೆ ಒಟ್ಟಿಗೇ ಲಿವರ್‌ಪೂಲ್ ತಂಡದ ಸ್ವಂತ ಮೈದಾನ ಆನ್‌ಫೀಲ್ಡ್‌ಗೆ ಹೋಗುತ್ತಿದ್ದರು. ಆದರೆ ಇಸ್ತಾನ್‌ಬುಲ್ ಅನ್ನುವ ಪದ ಬಂದರೆ ಒಬ್ಬರು ಟೀ ಮಾಡಲು ಏಳುತ್ತಿದ್ದರು.

ಕ್ಲಾಪ್ ಒಂದು ಮಾತು ಆಡಿದರು

2015ರ ನವೆಂಬರ್ 8. ಹೊಸ ಕೋಚ್ ಯೂರ್ಗನ್ ಕ್ಲಾಪ್ ಬಂದು ಒಂದು ತಿಂಗಳು. ಆನ್‌ಫೀಲ್ಡ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ 82ನೇ ನಿಮಿಷಕ್ಕೆ ಎರಡನೇ ಗೋಲು ಹೊಡೆಯಿತು, ಜನ ಎದ್ದು ಹೊರಡಲು ಶುರು ಮಾಡಿದರು. ಆ ಹೊತ್ತಿಗೆ ನಾನು ಒಂಟಿ ಅನ್ನಿಸಿತು ಅಂತ ಕ್ಲಾಪ್ ಆಟ ಮುಗಿದ ಮೇಲೆ ಹೇಳಿಬಿಟ್ಟರು. ಊರಿಗೆ ಊರೇ ಎರಡು ಪಾಲಾಯಿತು. ನಮ್ಮ ಆಫೀಸಿನಲ್ಲೂ ಸೋಮವಾರ ಪೂರ್ತಿ ಇದೇ.

ಅವತ್ತು 82ನೇ ನಿಮಿಷಕ್ಕೆ ಎದ್ದವರಲ್ಲಿ ಈ ಅಪ್ಪನೂ ಇದ್ದರು. ಮಗನಿಗೆ ಸಿಟ್ಟು ತಡೆಯಲಿಲ್ಲ. ಪಬ್‌ನಲ್ಲಿ, ಚಿಕ್ಕಪ್ಪನ ಎದುರಿಗೆ, ಹತ್ತು ವರ್ಷದ್ದನ್ನೆಲ್ಲ ಒಟ್ಟಿಗೆ ಹೊರಗೆ ಹಾಕಿದ. ಮೇಲಿನ ಸಾಲಿನ ಸುಳ್ಳೂ ಸೇರಿ.

ಅಪ್ಪ ತುಂಬಾ ಹೊತ್ತು ಗ್ಲಾಸ್ ತಿರುಗಿಸುತ್ತಾ ಕೂತಿದ್ದರಂತೆ. ಆಮೇಲೆ ಹೇಳಿದ್ದು ಇಷ್ಟೇ. ಕ್ಲಾಪ್ ಹೇಳಿದ್ದು ಸರಿ. ಆದರೆ ನನಗೆ ಸಾವಿರಾರು ಜನ ಒಂದೇ ಬಾಗಿಲ ಕಡೆ ಒಟ್ಟಿಗೆ ನಡೆಯುವುದನ್ನ ನೋಡಲು ಆಗಲ್ಲ. 1989ರಿಂದ ಆಗಿಲ್ಲ. ಗೆದ್ದಾಗಲೂ ನಾನು ಎರಡು ನಿಮಿಷ ಮುಂಚೆ ಏಳುತ್ತೇನೆ, ನೀನು ನೋಡಿಲ್ಲ, ಯಾಕೆ ಅಂದರೆ ಗೆದ್ದಾಗ ನೀನು ಮೈದಾನ ನೋಡುತ್ತಿರುತ್ತೀಯ. ಇಸ್ತಾನ್‌ಬುಲ್‌ನಲ್ಲಿ ಆ ಒಂದೇ ರಸ್ತೆ ಮಧ್ಯಾಹ್ನದಿಂದ ನನ್ನ ತಲೆಯಲ್ಲಿತ್ತು. 0-3 ಆಗಿದ್ದು ನನಗೆ ಕಾರಣ ಅಲ್ಲ, ನೆಪ.

ಚಿಕ್ಕಪ್ಪ ಮುಂದಿನ ಕ್ರಿಸ್ಮಸ್‌ಗೆ ಬಸ್ ಟಿಕೆಟ್ ಕೊಡಲಿಲ್ಲ.

ನಾನು ಈ ಪ್ರಕರಣವನ್ನ ಬರೆಯಲೇಬೇಕು ಅಂದುಕೊಂಡದ್ದು ಆ ಪಬ್‌ನ ರಾತ್ರಿಯ ಕಥೆ ಕೇಳಿದ ಮೇಲೆ. ಎದ್ದು ಹೋದವರನ್ನ ನಾವು ಸ್ಕೋರ್ ನೋಡಿ ಅಳೆಯುತ್ತೇವೆ. ಅದೇ ಅಪ್ಪ 0-5 ಸೋತ ಮ್ಯಾಚಿನಿಂದ ಎದ್ದಿದ್ದರೆ ಬುದ್ಧಿವಂತ ಅನ್ನುತ್ತಿದ್ದೆವು. ಚಿಕ್ಕಪ್ಪ ಸೀಟಿನ ಆಸೆಗೆ ಕೂತವರು, ಅವರು ನಿಷ್ಠಾವಂತ ಆದರು. ಹಾಫ್ ಟೈಮ್‌ನಲ್ಲಿ ಇಬ್ಬರಿಗೂ ಗೊತ್ತಿದ್ದದ್ದು ಒಂದೇ. ಹಾಗಂತ ಅಪ್ಪನ ತಪ್ಪೇ ಇಲ್ಲ ಅಂತ ನಾನು ಹೇಳಲ್ಲ. ಏಳುವ ಮುಂಚೆ ಮಗನ ಕಿವಿಯಲ್ಲಿ "ನನಗೆ ಈ ಜನಸಂದಣಿ ಭಯ" ಅಂತ ನಾಲ್ಕು ಪದ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆ ಊರಿನ, ಆ ವಯಸ್ಸಿನ ಗಂಡಸರು ಅದನ್ನ ಹೇಳಲ್ಲ. ನಮ್ಮೂರಿನವರೂ ಹೇಳಲ್ಲ.

ನಾನು 2016ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಮಗ ಆಗಾಗ ಮೆಸೇಜ್ ಮಾಡುತ್ತಾನೆ. 2019ರ ಮೇ 7, ನಮಗೆ ಮೇ 8ರ ಬೆಳಗಿನ ಜಾವ, ಬಾರ್ಸಿಲೋನಾ ಎದುರು ಸೆಮಿಫೈನಲ್ ಎರಡನೇ ಸುತ್ತು. ಮೊದಲ ಸುತ್ತಲ್ಲಿ 0-3 ಸೋತಿದ್ದವರು ಆನ್‌ಫೀಲ್ಡ್‌ನಲ್ಲಿ 3-0 ಮಾಡಿ ಲೆಕ್ಕ ಸಮ ಮಾಡಿದ್ದರು. ಇನ್ನೊಂದು ಬೇಕು. ನಿದ್ದೆಗಣ್ಣಲ್ಲಿ ಟಿವಿ ನೋಡುತ್ತಿದ್ದೆ, ಫೋನ್ ಮಿನುಗಿತು: "ಅಪ್ಪನ್ನ ಹೊರಗೆ ಕಳಿಸಿದ್ದೀನಿ. ನಾನೇ ಹೇಳಿದ್ದು. ಮೆಟ್ಟಿಲ ಕೆಳಗೆ ನಿಂತಿದಾರೆ."

ನಾನು ಓದಿ ತಲೆ ಎತ್ತುವಷ್ಟರಲ್ಲಿ ಅಲೆಕ್ಸಾಂಡರ್-ಆರ್ನಲ್ಡ್ ಯಾರೂ ನೋಡದಿದ್ದಾಗ ಗಬಕ್ಕನೆ ಕಾರ್ನರ್ ಹೊಡೆದು, ಒರಿಗಿ ಅದನ್ನ ಒಳಗೆ ಹಾಕಿ ಆಗಿತ್ತು. 4-0. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್ ಬಂತು. ನಿನಗೆ ಟೈಪ್ ಮಾಡ್ತಾ ಇದ್ದೆ ಮಾರಾಯಾ, ಗೋಲು ನೋಡಲಿಲ್ಲ. ಅಪ್ಪ ಕೆಳಗಡೆ ಇದ್ದ ಟಿವಿಯಲ್ಲಿ ನೋಡಿದ್ರಂತೆ.